ಅಪ್ಪನ ಟೋಕನ್, ನನ್ನ ವಾಕ್ಯ

ಪ್ಯಾರಿಸ್‌ಗೆ ಬಂದು ಆರು ವರ್ಷವಾದರೂ ನನ್ನ ಕೆಲಸವೇನೆಂದು ಬಸವನಗುಡಿಯ ಮನೆಯವರಿಗೆ ತಿಳಿಸಿ ಹೇಳಲು ಆಗಿರಲಿಲ್ಲ. ರೈಲಿನ ಸಾಫ್ಟ್‌ವೇರ್ ಎಂದರೆ ಟಿಕೆಟ್ ಕಾಯ್ದಿರಿಸುವುದು ಎಂದುಕೊಳ್ಳುತ್ತಿದ್ದರು. ಈ ಸಲದ ರಜೆಯಲ್ಲಿ ದಾರಿ ತೋರಿಸಿದವರು ಅಪ್ಪ. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು.

"ಒಂಟಿ ಹಳಿಯ ದಾರಿಯಲ್ಲಿ ಚಾಲಕನ ಕೈಗೆ ಟೋಕನ್ ಚೆಂಡು ಬಾರದೆ ಗಾಡಿ ಹೊರಡುವಂತಿರಲಿಲ್ಲ. ಒಂದು ಚೆಂಡು ಹೊರಗಿದ್ದರೆ ಎರಡೂ ನಿಲ್ದಾಣಗಳ ಯಂತ್ರ ಇನ್ನೊಂದನ್ನು ಕೊಡುತ್ತಿರಲಿಲ್ಲ. ಎದುರುಬದುರು ಎರಡು ಗಾಡಿ ಬರಕೂಡದು, ಅಷ್ಟೇ" ಎಂದರು.

ನಾನು ಬರೆಯುವುದೂ ಅದನ್ನೇ. ಎಂದೂ ಆಗಕೂಡದ್ದು ಯಾವುದು ಎಂಬುದನ್ನು, ಪ್ರೋಗ್ರಾಂ ಹುಟ್ಟುವ ಮೊದಲೇ, ಗಣ ಮತ್ತು ತರ್ಕದ ಚಿಹ್ನೆಗಳಲ್ಲಿ ಬರೆಯುತ್ತೇನೆ. ಪ್ರೋಗ್ರಾಮಿನ ಯಾವ ಹೆಜ್ಜೆಯೂ ಆ ವಾಕ್ಯವನ್ನು ಮುರಿಯದೆಂದು, ಹೈಸ್ಕೂಲಿನಲ್ಲಿ ಪ್ರಮೇಯ ಸಾಧಿಸುತ್ತಿದ್ದೆವಲ್ಲ, ಹಾಗೆ ಸಾಧಿಸಬೇಕು. ಎಷ್ಟು ಸಲ ಓಡಿಸಿ ಪರೀಕ್ಷಿಸಿದರೂ ನೋಡದೆ ಉಳಿದ ಸಂದರ್ಭ ಇದ್ದೇ ಇರುತ್ತದೆ. ಪ್ಯಾರಿಸ್‌ನಲ್ಲಿ ನಾನು ದಿನವೂ ಹತ್ತುವ 14ನೆಯ ಮೆಟ್ರೊ ಮಾರ್ಗಕ್ಕೆ ಚಾಲಕರಿಲ್ಲ. 1998ರಲ್ಲಿ ಅದು ಆರಂಭವಾದಾಗ ಅದರ ಸುರಕ್ಷತೆಯ ಸಾಫ್ಟ್‌ವೇರನ್ನು ಹೀಗೆಯೇ ಬರೆದು ಸಾಧಿಸುವ, ಝಾನ್-ರೇಮೊ ಅಬ್ರಿಯಾಲ್ ರೂಪಿಸಿದ 'ಬಿ' (B) ಎಂಬ ವಿಧಾನದಲ್ಲಿ ಬರೆದು, 27,000ಕ್ಕೂ ಹೆಚ್ಚು ಪ್ರಮೇಯಗಳನ್ನು ಸಾಧಿಸಿದ್ದರು.

"ಆ ವಾಕ್ಯವೇ ತಪ್ಪಾಗಿದ್ದರೆ?" ಅಪ್ಪ ಕೇಳಿದರು.

ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಅದು. 1996ರ ಜೂನ್ 4ರಂದು ಯುರೋಪಿನ ಅರಿಯಾನ್ 5 ರಾಕೆಟ್ ಹಾರಿ ಒಂದು ನಿಮಿಷ ತುಂಬುವ ಮೊದಲೇ ಛಿದ್ರವಾಯಿತು. ಅರಿಯಾನ್ 4ರಿಂದ ತಂದ ಪ್ರೋಗ್ರಾಂ, 16 ಬಿಟ್‌ಗಳಲ್ಲಿ ಹಿಡಿಸದ ಸಂಖ್ಯೆಯನ್ನು ಅಲ್ಲಿಗೆ ತುರುಕಲು ಹೋಗಿತ್ತು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಜಾಗ ಸಾಕಾಗಿತ್ತು, ಹೊಸದರ ವೇಗಕ್ಕೆ ಸಾಲಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ "ಗಾಡಿ ಚಲಿಸುವಾಗ ಬಾಗಿಲು ತೆರೆಯಕೂಡದು" ಎಂದು ಬರೆದು, ಸಾಧಿಸಿ, ಹಿಗ್ಗಿದ್ದೆ. "ಸುರಂಗದ ನಡುವೆ ನಿಂತಿದ್ದರೆ?" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ನನ್ನ ವಾಕ್ಯದ ಪ್ರಕಾರ ಅಲ್ಲಿ ಬಾಗಿಲು ತೆರೆಯಬಹುದಿತ್ತು. ಗಣಿತದಲ್ಲಿ ಒಂದು ಚಿಹ್ನೆಯೂ ತಪ್ಪಿರಲಿಲ್ಲ, ಆದರೆ ಜನ ಹಳಿಗೆ ಬೀಳುತ್ತಿದ್ದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಇಬ್ಬರೂ ನಮ್ಮ ಮೆಟ್ರೊದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋದೆವು. ಅಪ್ಪ ಕಿಟಕಿಯಾಚೆ ನೋಡಲೇ ಇಲ್ಲ. ನಿಲ್ದಾಣ ಬಂದಾಗಲೆಲ್ಲ ಬಾಗಿಲನ್ನೇ ಗಮನಿಸುತ್ತಿದ್ದರು.

"ಎರಡೂ ಬದಿಗೆ ಬಾಗಿಲಿದೆಯಲ್ಲಮ್ಮಾ, ಯಾವ ಬದಿಯದು ತೆರೆಯಬೇಕೆಂದು ಬರೆದಿದ್ದೀಯಾ?"

"ಬರೆದಿದ್ದೇನಪ್ಪಾ. ಗಾಡಿ ನಿಂತಿರಬೇಕು, ನಿಲ್ದಾಣದಲ್ಲೇ ನಿಂತಿರಬೇಕು, ಪ್ಲಾಟ್‌ಫಾರ್ಮ್ ಇರುವ ಬದಿಯೇ ಆಗಿರಬೇಕು."

ಅವರು ತಲೆಯಾಡಿಸಿ ಮತ್ತೆ ಬಾಗಿಲಿನ ಕಡೆಗೆ ತಿರುಗಿದರು.