1 ಎಕರೆ ತೋಟಕ್ಕೆ 9 ಎಕರೆ ಬೆಟ್ಟ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಬೆಟ್ಟ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ಅಡಿಕೆ ತೋಟ ಕಣಿವೆಯ ತಗ್ಗಿನಲ್ಲಿರುತ್ತದೆ. ಅದರ ಮೇಲಿನ ಇಳಿಜಾರಿನ ಕಾಡೇ ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ತೋಟ ಇದ್ದವರಿಗೆ 9 ಎಕರೆ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಲೆಕ್ಕ ಕಟ್ಟಿದ್ದರು. ಜಾಗ ಸರ್ಕಾರದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತೋಟದವರದ್ದು.

ಪರಿಸರದ ಇತಿಹಾಸ ಅಂದ ಕೂಡಲೇ ನಮ್ಮಲ್ಲಿ ಎರಡು ಕಥೆ ಓಡಾಡುತ್ತವೆ. ಒಂದು, ಹಿಂದಿನವರು ಕಾಡನ್ನು ಪೂಜಿಸಿದರು, ನಾವು ಹಾಳು ಮಾಡಿದೆವು. ಇನ್ನೊಂದು, ಎಲ್ಲಾ ಇಂಗ್ಲಿಷರದ್ದೇ ತಪ್ಪು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಬೆಟ್ಟವನ್ನು ಹತ್ತಿರದಿಂದ ನೋಡಿದವರಿಗೆ ಎರಡೂ ಅಷ್ಟು ಸರಿಯಾಗಿ ಕೂರುವುದಿಲ್ಲ. ನಮ್ಮವರನ್ನು ಕಾಡಿಗೆ ಕಟ್ಟಿಹಾಕಿದ್ದು ಮುಖ್ಯವಾಗಿ ಗೊಬ್ಬರ. ಗೊಬ್ಬರದ ಅಗತ್ಯ ಸಡಿಲವಾದ ಹಾಗೆ ನಂಟೂ ಸಡಿಲವಾಯಿತು.

ಆ ಕೆಲಸ ಹೇಗಿತ್ತು ಅಂತ ಸ್ವಲ್ಪ ನೋಡಿ. ಮಳೆಗಾಲದಲ್ಲಿ ಮತ್ತಿ, ಕವಲು, ಹೊನ್ನೆ, ನೆಲ್ಲಿ, ಕೈಗೆ ಸಿಕ್ಕ ಮರ ಹತ್ತಿ ಕತ್ತಿಯಲ್ಲಿ ಸೊಪ್ಪು ಸವರುತ್ತಿದ್ದರು. ತುದಿ ಮುಟ್ಟಬಾರದು, ತುದಿ ಹೋದರೆ ಮರ ಹೋಯಿತು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಸೊಪ್ಪಿನ ಹೊರೆ ತಲೆ ಮೇಲೆ ಕೊಟ್ಟಿಗೆಗೆ ಬರುತ್ತಿತ್ತು. ದನದ ಕಾಲಡಿಗೆ ಹಾಸಿದರೆ ಸಗಣಿ, ಗಂಜಲ ಸೇರಿ ತುಳಿತವಾಗಿ, ಆಮೇಲೆ ಗೊಬ್ಬರಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತು, ಕೊನೆಗೆ ಬುಟ್ಟಿಯಲ್ಲಿ ಅಡಿಕೆ ಮರದ ಬುಡ ಸೇರುತ್ತಿತ್ತು. ಬೇಸಿಗೆಯಲ್ಲಿ ಹಸಿ ಸೊಪ್ಪಿನ ಬದಲು ದರಕು ಗುಡಿಸಿ ತರುವುದು. ಬೆಟ್ಟದ ಕರಡ ಹುಲ್ಲಿಗೂ ಕೆಲಸ ಇತ್ತು. ಮಳೆ ಹಿಡಿಯುವ ಮುಂಚೆ ಅದರಲ್ಲೇ ಮಳೆ ತಡೆಯುವ ಹೊದಿಕೆ, ಅಂದರೆ ಕೊಟ್ಟೆ ಮಾಡಿ, ಮರ ಹತ್ತಿ, ಒಂದೊಂದು ಅಡಿಕೆ ಗೊನೆಗೂ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆ ರೋಗಕ್ಕೆ ಆಗ ಅದೇ ಮದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದರು. ಅದು ಹಬ್ಬಿದ ಹಾಗೆ ಕೊಟ್ಟೆ ಕಟ್ಟುವವರು ಕಮ್ಮಿಯಾದರು. ಕರಡದ ಒಂದು ದೊಡ್ಡ ಕೆಲಸ ತಪ್ಪಿತು. ತೋಟ ಉಳಿಯಿತು, ಅದು ಒಳ್ಳೆಯದೇ. ಬೆಟ್ಟಕ್ಕೆ ಹೋಗುವ ಕಾರಣ ಮಾತ್ರ ಒಂದು ಕಳೆಯಿತು.

ಕಾಡು ಯಾರದ್ದು ಅನ್ನುವ ಜಗಳ ಇದಕ್ಕಿಂತ ಹಳೆಯದು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷೆಗೆ ಈ ಕಡೆ ಬಂದ ಫ್ರಾನ್ಸಿಸ್ ಬುಕಾನನ್‌ಗೆ ಜನ ಹೇಳಿದ್ದು, ಕಾಡು ಊರ ದೇವರದ್ದು, ದೇವರ ಪೂಜೆ ಮಾಡುವ ಗೌಡನ ಅಪ್ಪಣೆ ಇಲ್ಲದೆ ಮರ ಕಡಿಯುವ ಹಾಗಿಲ್ಲ ಅಂತ. ಸರ್ಕಾರ ತನ್ನ ಹಕ್ಕು ಕೇಳದಿರಲಿ ಅಂತ ಇವರು ಹೂಡಿದ ಉಪಾಯ ಇದು ಅಂದುಕೊಂಡ ಅವನು. ಪೂರ್ತಿ ಸುಳ್ಳು ಅನ್ನಲಾರೆ! ದೇವರ ಮೇಲೆ ಭಕ್ತಿಯೂ ಇತ್ತು, ತಮ್ಮ ಕಾಡು ಉಳಿಸಿಕೊಳ್ಳುವ ಜಾಣತನವೂ ಇತ್ತು. ಎರಡೂ ಒಟ್ಟಿಗೆ ಇರಬಾರದು ಅಂತ ಎಲ್ಲಿದೆ?

ಆಮೇಲೆ ಬಂದದ್ದು ಕಾಯಿದೆ. ಹಡಗಿಗೆ ತೇಗ ಬೇಕು, ರೈಲು ಹಳಿಯ ಕೆಳಗೆ ಹಾಕಲು ಮರದ ಸ್ಲೀಪರ್ ಬೇಕು. 1865ರಲ್ಲಿ ಮೊದಲ ಅರಣ್ಯ ಕಾಯಿದೆ. 1878ರದ್ದು ಇನ್ನೂ ಬಿಗಿ. ಕಾಡನ್ನು ಮೀಸಲು, ರಕ್ಷಿತ ಅಂತ ಭಾಗ ಮಾಡಿದ ಮೇಲೆ, ನಿನ್ನೆಯ ತನಕ ಹಕ್ಕು ಅಂದುಕೊಂಡಿದ್ದೆಲ್ಲ ಸರ್ಕಾರ ಕೊಟ್ಟ ಸವಲತ್ತಾಯಿತು. ಬೆಟ್ಟವೂ ಹಾಗೆ ಬಂದ ಸವಲತ್ತೇ. 1930ರ ಚಳವಳಿಯಲ್ಲಿ ಉತ್ತರ ಕನ್ನಡದವರು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದು ಅಲ್ಲಿಗೇ ನಿಲ್ಲಲಿಲ್ಲ, ಕಾಡಿನ ಕಾನೂನನ್ನೂ ಮುರಿದರು. ಅದರ ಹಿಂದೆ ಇದ್ದದ್ದು ಈ ಸಿಟ್ಟು.

ಇಲ್ಲಿ ನಮ್ಮವರು ಜಾಸ್ತಿ ಹೇಳದ ಒಂದು ವಿಷಯ ಇದೆ. ಬೆಟ್ಟ ಸಿಕ್ಕಿದ್ದು ತೋಟ ಇದ್ದವರಿಗೆ ಮಾತ್ರ. ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೆ ಕಾಡಾಗಲಿ ಅಂತ ಬಿಟ್ಟು ಮುಂದೆ ಹೋಗುವ ಕುಮರಿಯವರಿಗೆ ಏನೂ ಸಿಗಲಿಲ್ಲ. ಕುಮರಿಯಿಂದ ಬೆಲೆಬಾಳುವ ಮರ ಹಾಳು ಅಂತ ಮದ್ರಾಸಿನ ಅರಣ್ಯಾಧಿಕಾರಿ ಕ್ಲೆಗ್‌ಹಾರ್ನ್ ವಾದ ಮಾಡಿದ. 1860ರ ಹೊತ್ತಿಗೆ ಅಪ್ಪಣೆ ಇಲ್ಲದೆ ಕುಮರಿ ಮಾಡುವ ಹಾಗಿರಲಿಲ್ಲ. ತೆರಿಗೆ ಕಟ್ಟುವ ಅಡಿಕೆಗೆ 9 ಎಕರೆ ಕಾಡು, ಊಟಕ್ಕೆ ಬೆಳೆಯುವ ರಾಗಿಗೆ ನಿಷೇಧ. ಕುಮರಿ ಬಿಟ್ಟವರಲ್ಲಿ ಎಷ್ಟೋ ಜನ ಕೂಲಿಗೆ ಬಂದರು. ಬೆಟ್ಟದಲ್ಲಿ ಮರ ಹತ್ತಿ ಸೊಪ್ಪು ಕಡಿಯುತ್ತಿದ್ದವರೂ ಹೆಚ್ಚಾಗಿ ಕೂಲಿಯವರೇ ಅಲ್ವಾ? ನಮ್ಮ ಹಿರಿಯರು ಕಾಡು ಕಾಪಾಡಿದರು ಅನ್ನುವಾಗ ಯಾರ ಹಿರಿಯರು ಅಂತಲೂ ಕೇಳಿಕೊಳ್ಳಬೇಕು.

ಬೆಟ್ಟ ಚೆನ್ನಾಗಿತ್ತು ಅಂತಲೂ ಸುಮ್ನೆ ಹೇಳಲಾಗದು. ವರ್ಷ ವರ್ಷ ಸವರಿಸಿಕೊಂಡ ಮರಗಳು ತಲೆಯಲ್ಲಿ ಹಿಡಿಯಷ್ಟು ಸೊಪ್ಪು ಇಟ್ಟುಕೊಂಡು ಕಂಬದ ಹಾಗೆ ನಿಂತಿರುತ್ತಿದ್ದವು. ದರಕು ಪೂರ್ತಿ ಗುಡಿಸಿದ ನೆಲದಲ್ಲಿ ಸಸಿ ಹುಟ್ಟುವುದು ಕಷ್ಟ. ಕೆಲವು ಮನೆಯವರು ಪಾಳಿ ಹಾಕಿ ಒಂದು ಭಾಗ ಬಿಡುತ್ತಿದ್ದರು. ಕೆಲವರು ಬೋಳು ಮಾಡಿದರು. ಪಕ್ಕಪಕ್ಕದ ಎರಡು ಬೆಟ್ಟ, ಒಂದೇ ಕಾಯಿದೆ, ಒಂದರಲ್ಲಿ ದಟ್ಟ ಕಾಡು, ಇನ್ನೊಂದರಲ್ಲಿ ಬರೀ ಕರಡ.

ಸ್ವಾತಂತ್ರ್ಯ ಬಂದ ಮೇಲೂ ಕಾಡು ಅಂದ್ರೆ ನಾಟಾ (ಕಡಿದು ಮಾರುವ ಮರ) ಅನ್ನುವ ಲೆಕ್ಕ ಹೋಗಲಿಲ್ಲ. ಸಹಜ ಕಾಡು ತೆಗೆದು ತೇಗ ನೆಟ್ಟರು. ಪ್ಲೈವುಡ್ಡಿಗೆ ದೊಡ್ಡ ದೊಡ್ಡ ಮರ ಹೋದವು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರ ತಬ್ಬಿಕೊಂಡು ಕೊಡಲಿ ತಡೆದರು. ಅದೇ ಅಪ್ಪಿಕೋ ಚಳವಳಿ. ಅಲ್ಲಿ ನಿಂತವರಲ್ಲಿ ಕಾಡಿನ ಸೊಪ್ಪು, ನೀರು ನಂಬಿ ಬದುಕುವ ಕೃಷಿಕರು ತುಂಬ ಜನ ಇದ್ದರು. ಮೇಲಿನ ಕಾಡು ಹೋದರೆ ತಗ್ಗಿನ ತೋಟಕ್ಕೆ ನೀರಿಲ್ಲ ಅನ್ನುವುದು ಅವರು ಪುಸ್ತಕ ಓದಿ ತಿಳಿದದ್ದಲ್ಲ.

ಅದೇ ದಶಕದಲ್ಲಿ ಬೋಳು ಗುಡ್ಡ ಹಸಿರು ಮಾಡಲು ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಬಂತು. ಹಸಿರೇನೋ ಆಯಿತು. ಆದರೆ ಅದರ ಎಲೆ ದನ ತಿನ್ನುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಗೊಬ್ಬರಗುಂಡಿಗೆ ಹಾಕಿದವರಿಗೆ ಗೊತ್ತು.

ಕಾಡಿಗೆ ಹೋಗಿ ಬರುವುದರ ಲೆಕ್ಕವನ್ನು ಕಾಡು ಬೇರೆ ರೀತಿಯಲ್ಲೂ ಕೇಳಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನಕ್ಕೆ ಜ್ವರ. ಅದೇ ಮಂಗನ ಕಾಯಿಲೆ, ಉಣುಗಿನಿಂದ (ಉಣ್ಣೆ ಹುಳದಿಂದ) ಹರಡುವುದು. ಅದರ ಕಾಲ ಹೆಚ್ಚುಕಮ್ಮಿ ಡಿಸೆಂಬರಿನಿಂದ ಮೇ ತನಕ, ಅಂದರೆ ಸರಿಯಾಗಿ ದರಕು ಗುಡಿಸುವ ಹೊತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದ ಮೇಲೆ, ದರಕಿಗೆ ಹೋಗಬೇಡಿ, ಹೋದರೆ ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ ಅನ್ನುವ ಮಾತು ಮನೆಮನೆಯಲ್ಲೂ ಕೇಳಿಬಂತು. ದರಕಿಗೆ ಹೋಗುವವರಲ್ಲಿ ಹೆಂಗಸರೇ ಜಾಸ್ತಿ, ಎಣ್ಣೆ ಎಷ್ಟು ದಿನಕ್ಕೆ ಸಾಕಾಗುತ್ತದೆ ಅಂತ ಕೇಳುವವರು ಕಮ್ಮಿ.

ಈಗ ಕೊಟ್ಟಿಗೆಯಲ್ಲಿ ದನ ಕಮ್ಮಿ, ಸೊಪ್ಪು ಕಡಿಯುವ ಆಳು ಸಿಗುವುದಿಲ್ಲ, ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ಬರುತ್ತದೆ. ಕಡಿಯುವವರಿಲ್ಲದೆ ಕೆಲವು ಬೆಟ್ಟ ತಾನಾಗಿ ದಟ್ಟವಾಗುತ್ತಿವೆ, ಮತ್ತೆ ಕೆಲವು ಕಡೆ ತೋಟ ಮೆಲ್ಲಗೆ ಬೆಟ್ಟಕ್ಕೆ ಹತ್ತುತ್ತಿದೆ. ಹುಳಿ ಕಾಯಿ ಬಿಡುವ ಉಪ್ಪಾಗೆ, ಮುರುಗಲು ಮರ ನೆಟ್ಟು ಬೆಟ್ಟದಿಂದ ಬೇರೆ ಆದಾಯ ಹುಡುಕುವವರೂ ಇದ್ದಾರೆ. 1990ರ ದಶಕದಲ್ಲಿ ಉಪ್ಪಾಗೆಗೆ ರೇಟು ಏರಿದಾಗ ಕಾಯಿ ಬಲಿಯುವ ಮುಂಚೆಯೇ ಕೊಯ್ದರು, ಕೊಂಬೆ ಮುರಿದು ಇಳಿಸಿದವರೂ ಇದ್ದರು. ಕಾಯಿ ಒಣಗಿಸಲು ಹೊತ್ತಿಸಿದ ಕಟ್ಟಿಗೆಯೂ ಅದೇ ಕಾಡಿನದು. ಈಗ ತಮ್ಮ ಪಾಲಿನ ಬೆಟ್ಟದಲ್ಲಿ ನೆಟ್ಟವರು ಮಾತ್ರ ಕಾಯಿ ಹಣ್ಣಾಗುವ ತನಕ ಕಾಯುತ್ತಾರೆ, ಪಕ್ಕದವರು ಮೊದಲು ಬಂದು ಕೊಯ್ದುಬಿಡುತ್ತಾರೆ ಅನ್ನುವ ಹೆದರಿಕೆ ಅವರಿಗಿಲ್ಲ.