ತಟ್ಟೆ ಬೇರೆ ಮಾಡಿದ್ವಿ, ಕಿಟಕಿ ತೆಗೀಲಿಲ್ಲ

ಹೋದ ವರ್ಷ ನಮ್ಮ ಮಾವಂಗೆ ಟಿಬಿ ಅಂತ ಗೊತ್ತಾಯ್ತು. ಒಂದು ತಿಂಗಳಿಂದ ಕೆಮ್ಮು, ಸಂಜೆ ಆದ್ರೆ ಮೈ ಬಿಸಿ, ಪಂಚೆ ಸೊಂಟದಲ್ಲಿ ನಿಲ್ದೇ ಇರೋವಷ್ಟು ಇಳಿದು ಹೋಗಿದ್ರು, ನಾವು ಮಾತ್ರ ಧೂಳಿಗೆ ಹಿಂಗಾಗಿದೆ ಅಂತ ಕಷಾಯ ಕುಡಿಸ್ಕೊಂಡು ಕೂತಿದ್ವಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಟೆಸ್ಟ್ ಮಾಡಿಸಿ ಅಂತ ನಮ್ಮ ಬಸ್ ಸ್ಟಾಪಿನ ಗೋಡೆ ಮೇಲೇ ಬರ್ದಿದಾರೆ, ದಿನಾ ಅದಕ್ಕೇ ಒರಗಿ ನಿಂತ್ಕೊಳ್ಳೋಳು ನಾನು!

ರಿಪೋರ್ಟ್ ಬಂದ ದಿನ ಅತ್ತೆ ಮೊದ್ಲು ಮಾಡಿದ್ದು ಮಾವನ ತಟ್ಟೆ ಲೋಟ ಬೇರೆ ಇಟ್ಟಿದ್ದು. ಅದಲು ಬದಲು ಆಗ್ಬಾರ್ದು ಅಂತ ನನ್ನ ನೇಲ್ ಪಾಲಿಶ್ ತಗೊಂಡು ತಟ್ಟೆ ಅಂಚಿಗೆ ಕೆಂಪು ಚುಕ್ಕೆ ಬೇರೆ ಇಟ್ರು. ಹಿಂದಿನ ರೂಮಲ್ಲಿ ಮಂಚ ಹಾಕಿ, ಶೀತ ಆಗ್ಬಾರ್ದು ಸೊಳ್ಳೆ ಬರ್ಬಾರ್ದು ಅಂತ ಕಿಟಕಿ ಮುಚ್ಚಿ ಸಂದಿಗೆಲ್ಲಾ ಪೇಪರ್ ತುರುಕಿದ್ವಿ. ಆ ರೂಮಲ್ಲೇ ನಾನು ಕೂತು ಮಾತ್ರೆ ಕೊಡ್ತಿದ್ದೆ, ಎಲ್‌ಕೆಜಿ ಮಗಳು ತಾತನ ಪಕ್ಕ ಕೂತು ಬಣ್ಣ ಹಚ್ತಿದ್ಲು.

ನಾಕನೇ ದಿನ ನಮ್ಮ ಏರಿಯಾದ ಆಶಾ ಕಾರ್ಯಕರ್ತೆ ಅಕ್ಕ ಬಂದು ರೂಮೊಳಗೆ ಒಂದು ಕಾಲಿಟ್ಟೋರು ಅಲ್ಲೇ ನಿಂತ್ಬಿಟ್ರು. "ಅಲ್ಲಮ್ಮಾ, ತಟ್ಟೇಲಿ ಏನೂ ಇಲ್ಲ, ಇದು ಗಾಳೀಲಿ ಬರೋದು, ಮೊದ್ಲು ಆ ಕಿಟಕಿ ತೆಗೀರಿ" ಅಂದ್ರು. ಕೆಮ್ಮಿದಾಗ, ಮಾತಾಡಿದಾಗ್ಲೂ ಬರೋ ಹನಿ ಎಷ್ಟು ಸಣ್ಣದು ಅಂದ್ರೆ ಮುಚ್ಚಿದ ರೂಮಲ್ಲಿ ಗಂಟೆಗಟ್ಟಲೆ ತೇಲ್ತಾ ಇರುತ್ತಂತೆ, ಉಸಿರಾಡಿದ್ರೆ ಒಳಗೆ. ಪಾತ್ರೆ, ಬಟ್ಟೆ, ಮುಟ್ಟೋದು ಇದ್ರಿಂದ ಹರಡಲ್ಲ.

ಆಮೇಲೆ ಮಾವನ್ನ ಜಗಲಿಗೆ ಕಳಿಸಿ ರೂಮಲ್ಲಿ ಒಂದು ಊದುಬತ್ತಿ ಹಚ್ಚಿ ನೋಡಿದ್ವಿ. ಹೊಗೆ ಸೀದಾ ಹಾಲ್‌ಗೆ ಬರ್ತಿದೆ! ಟೇಬಲ್ ಫ್ಯಾನ್ ಬಾಗಿಲ ಕಡೆ ಮುಖ ಮಾಡಿತ್ತು, ಅಂದ್ರೆ ಅಷ್ಟು ದಿನ ಅವರ ಕೆಮ್ಮೆಲ್ಲಾ ನಾವೇ ಮನೆಗೆ ಹಂಚ್ತಿದ್ವಿ. ಫ್ಯಾನ್ ತಿರುಗಿಸಿ ಕಿಟಕಿ ಕಡೆ ಇಟ್ಮೇಲೆ ಹೊಗೆ ಹೊರಗೆ ಹೋಯ್ತು. ಸೊಳ್ಳೆಗೆ ಮೆಶ್ ಹಾಕಿಸಿದ್ವಿ. ಹಗಲೆಲ್ಲಾ ಮಾವ ಜಗಲೀಲೇ, ಯಾರಾದ್ರೂ ಹತ್ರ ಬಂದ್ರೆ ಮಾಸ್ಕ್, ಕಫಕ್ಕೆ ಮುಚ್ಚಳದ ಡಬ್ಬಿ, ಅದಕ್ಕೆ ಫಿನಾಯಿಲ್.

ಮನೆಯೋರಿಗೆಲ್ಲಾ ಟೆಸ್ಟ್ ಆಯ್ತು. ಯಾರಿಗೂ ಇರ್ಲಿಲ್ಲ, ಆದ್ರೂ ಐದು ವರ್ಷದ ಒಳಗಿನ ಮಕ್ಕಳಿಗೆ ರಿಸ್ಕ್ ಜಾಸ್ತಿ ಅಂತ ಮಗಳಿಗೆ ಮುಂಜಾಗ್ರತೆ ಮಾತ್ರೆ ಶುರು ಮಾಡಿದ್ರು. ಮಾವಂದು ಒಟ್ಟು 6 ತಿಂಗಳ ಕೋರ್ಸ್, ಮೊದ್ಲ 2 ತಿಂಗಳು 4 ಔಷಧಿ, ಆಮೇಲೆ 4 ತಿಂಗಳು 3, ಎಲ್ಲಾ ಫ್ರೀ. ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೇಲಿ ತಿಂಗಳಿಗೆ 1000 ರೂಪಾಯಿ ಕೂಡ ಇದೆ, ಮುಂಚೆ 500 ಇತ್ತು. ಮಾತ್ರೆ ಶುರುವಾದ ದಿನ ಮೂತ್ರ ಕಿತ್ತಳೆ ಬಣ್ಣ ಬಂತು ಅಂತ ಮಾವ ಬಚ್ಚಲಿಂದಲೇ ರಕ್ತ ರಕ್ತ ಅಂತ ಕೂಗಿ ಬೀದಿಗೆಲ್ಲಾ ಕೇಳಿಸಿದ್ರು, ಅದು ರಿಫಾಂಪಿಸಿನ್ ಮಾತ್ರೆ ಬಣ್ಣ ಅಷ್ಟೇ.

ಸರಿಯಾಗಿ ಮಾತ್ರೆ ತಗೊಂಡ್ರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲೇ ಹರಡೋದು ತುಂಬಾ ಕಮ್ಮಿ ಆಗುತ್ತೆ. ಕಷ್ಟ ಅಂದ್ರೆ ಮೂರನೇ ತಿಂಗಳು, ಮೈ ತುಂಬ್ಕೊಂಡು ಕೆಮ್ಮು ನಿಂತು "ಇನ್ಯಾಕೆ ಮಾತ್ರೆ" ಅಂತ ಶುರು ಮಾಡಿದ್ರು, ಅರ್ಧಕ್ಕೆ ಬಿಟ್ರೆ ರೋಗ ಔಷಧಿಗೇ ಬಗ್ಗದೇ ಇರೋ ಹಾಗೆ ತಿರುಗಿಬೀಳುತ್ತೆ ಅಂತ ದಿನಾ ಬೆಳಗ್ಗೆ ಅವರ ಎದುರಿಗೇ ನಿಂತು ನುಂಗಿಸ್ತಿದ್ದೆ.

ಕೋರ್ಸ್ ಮುಗೀತು, ಕಫ ಟೆಸ್ಟ್ ನೆಗೆಟಿವ್. ಮೊನ್ನೆ ರಾತ್ರಿ ಮಗಳು ಕೆಂಪು ಚುಕ್ಕೆ ತಟ್ಟೇನೇ ಬೇಕು ಅಂತ ಹಠ ಹಿಡಿದ್ಲು. ಅತ್ತೆ ಒಂದು ನಿಮಿಷ ತಟ್ಟೆ ಕೈಲಿಟ್ಕೊಂಡು ನಿಂತಿದ್ರು, ಆಮೇಲೆ ಅದ್ರಲ್ಲೇ ಮುದ್ದೆ ಹಾಕಿ ಕೊಟ್ರು.