98 ವರ್ಷ, 2 ತಿಂಗಳು, 11 ದಿನ

ಯುದ್ಧ ಬೇಡ ಅನ್ನುವ ಕ್ರೈಸ್ತ ಪಂಗಡವಾದ ಮೆನೊನೈಟರಲ್ಲಿ ಯಾರಾದರೂ ತೀರಿಕೊಂಡರೆ ಅವರ ಬದುಕನ್ನು ಲೆಕ್ಕ ಹಾಕಿ ಓದುವ ಪದ್ಧತಿ ಇದೆ. ಎಷ್ಟು ವರ್ಷ ಬಾಳಿದರು ಅಂದರೆ ಸಾಲದು, ಮೇಲೆ ಎಷ್ಟು ತಿಂಗಳು, ಎಷ್ಟು ದಿನ ಅನ್ನುವುದೂ ಬೇಕು. ನನ್ನ ಸಹೋದ್ಯೋಗಿಯ ಓಮಾ, ಅಂದರೆ ಅಜ್ಜಿ, 98 ವರ್ಷ, 2 ತಿಂಗಳು, 11 ದಿನ ಬಾಳಿದ್ದರು. ಅಂತ್ಯಸಂಸ್ಕಾರಕ್ಕೆ ಅವನನ್ನು ಒಬ್ಬನೇ ಕಳಿಸೋದು ಬೇಡ ಅಂತ ನಾನೂ ಟೊರೊಂಟೊದಿಂದ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯಕ್ಕೆ ಹೊರಟೆ.

ಅಲ್ಲಿನ ವಿನಿಪೆಗ್ ನಗರದಿಂದ ಓಮಾ ಊರಿನ ಕಡೆಯ ವಿಂಕ್ಲರ್‌ಗೆ ಸುಮಾರು 120 ಕಿಲೋಮೀಟರ್. ಒಂದು ಗುಡ್ಡ ಇಲ್ಲ, ದಿಬ್ಬ ಇಲ್ಲ. ಹಳ್ಳಿಗಳ ಕಡೆ ತಿರುಗಿದ ಮೇಲೆ ಜಲ್ಲಿ ರಸ್ತೆ. ಎದುರಿಗೆ ಬಂದ ಲಾರಿಯಿಂದ ಒಂದು ಕಲ್ಲು ಸಿಡಿದು ನಮ್ಮ ಬಾಡಿಗೆ ಕಾರಿನ ಮುಂದಿನ ಗಾಜು ಬಿರುಕು ಬಿಟ್ಟಿತು. ಕಾರು ಕೊಡುವಾಗ "ಎಲ್ಲಾ ಕವರ್ ಆಗುತ್ತೆ" ಅಂದಿದ್ದ ಕಂಪನಿಯವರು, ವಾಪಸ್ ಕೊಡುವಾಗ ಗಾಜು ಅದರಲ್ಲಿ ಬರಲ್ಲ ಅಂದರು! ಆ ಕಡೆ ಹೋಗುವವರು ಗಾಜಿನ ವಿಮೆ ಇದೆಯಾ ಅಂತ ಕೇಳಿ, ಬಾಯಿಮಾತು ನಂಬಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ.

ಹತ್ತಿರದ ನೊಯ್‌ಬರ್ಗ್‌ತಾಲ್ ಅನ್ನೋ ಹಳ್ಳಿಗೂ ಹೋಗಿದ್ದೆವು. 1876ರಲ್ಲಿ ಕಟ್ಟಿದ ಊರು. ಒಂದೇ ಬೀದಿ, ಅದರ ಉದ್ದಕ್ಕೂ ಮನೆಗಳು. ಮನೆ, ದನದ ಕೊಟ್ಟಿಗೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮ ರಾಯಚೂರು ಕಡೆಯ ಹಳೇ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ ಇರುವಂತೆ. ಸರ್ಕಾರ ಅದನ್ನು ರಾಷ್ಟ್ರೀಯ ಸ್ಮಾರಕ ಮಾಡಿದೆ, ಆದರೂ ಪ್ರವಾಸಿಗರ ಗದ್ದಲ ಇಲ್ಲ. ನನಗೆ ಅದೇ ಇಷ್ಟವಾಯಿತು.

ಚರ್ಚಿನಲ್ಲಿ ಓಮಾ ಅವರ ಹಿರಿಮಗಳು ಎದ್ದು ನಿಂತು ಅಮ್ಮನ ಬದುಕಿನ ಎರಡು ಹಾಳೆ ಓದಿದರು. ಹೊಗಳಿಕೆ ಇಲ್ಲ, ಅಳು ಇಲ್ಲ. 1924ರಲ್ಲಿ ಮೊಲೊಚ್ನಾದಲ್ಲಿ ಹುಟ್ಟಿದ್ದು. ಅದು ಈಗಿನ ಉಕ್ರೇನಿನಲ್ಲಿದ್ದ ಮೆನೊನೈಟರ ಹಳ್ಳಿಗಳ ಸೀಮೆ. ಅಂತರ್ಯುದ್ಧ, ಲೂಟಿ, ಬರಗಾಲ ಎಲ್ಲಾ ನೋಡಿ ಸೋತ ಅಪ್ಪ ಅಮ್ಮ 1926ರಲ್ಲಿ ಮಗುವನ್ನು ಎತ್ತಿಕೊಂಡು ರೈಲು ಹತ್ತಿದ್ದು. ದಾರಿಗೆ ಬುತ್ತಿ ಅಂದರೆ ಚೀಲದ ತುಂಬ ಒಣಗಿಸಿ ಹುರಿದ ಬನ್ನು. ಸೋವಿಯತ್ ನಾಡು ಬಿಟ್ಟು ಲಾಟ್ವಿಯಾದ ಗಡಿ ದಾಟುವವರೆಗೆ ಯಾರೂ ಗಟ್ಟಿಯಾಗಿ ಉಸಿರಾಡಿರಲಿಲ್ಲವಂತೆ. ದಾಟಿದ ಮೇಲೆ ಇಡೀ ಬೋಗಿ ದೇವರ ಹಾಡು ಹಾಡಿತಂತೆ.

ಅವರ ಹತ್ತಿರ ಟಿಕೆಟ್ಟಿಗೆ ದುಡ್ಡು ಇರಲಿಲ್ಲ. 1923ರಿಂದ 1930ರ ನಡುವೆ ಹೀಗೆ ಕೆನಡಾಕ್ಕೆ ಬಂದ ಸುಮಾರು 20 ಸಾವಿರ ಮೆನೊನೈಟರಲ್ಲಿ ತುಂಬಾ ಜನರನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆ ಸಾಲದ ಮೇಲೆ ಕರೆತಂದಿತ್ತು. ಆ ಸಾಲ ಓಮಾ ಜೊತೆಗೇ ಬೆಳೆಯಿತು. 16ಕ್ಕೆ ಅವರು ವಿನಿಪೆಗ್‌ನಲ್ಲಿ ಸಿರಿವಂತರ ಮನೆಗೆಲಸಕ್ಕೆ ಸೇರಿದರು. ಸಂಬಳ ಸೀದಾ ಊರಿಗೆ. ಗುರುವಾರ ಮಧ್ಯಾಹ್ನ ಮಾತ್ರ ರಜೆ. ಅವತ್ತು ಕೆಲಸದ ಹುಡುಗಿಯರೆಲ್ಲ ಚರ್ಚಿನವರು ನಡೆಸುತ್ತಿದ್ದ ಮೇರಿ-ಮಾರ್ಥಾ ಹೋಮ್‌ನಲ್ಲಿ ಸೇರಿ ತಮ್ಮ ಭಾಷೆಯಲ್ಲಿ ಬಾಯ್ತುಂಬ ಮಾತಾಡುತ್ತಿದ್ದರು. 1946ರಲ್ಲಿ ಆ ಇಡೀ ಜನರ ಸಾಲ ಚುಕ್ತಾ ಆಯಿತು. ಹಾಳೆಯಲ್ಲಿ ಓಮಾ ಮದುವೆ ಬಂದಿದ್ದು ಅದಾದ ಮೇಲೆಯೇ. ಗಂಡ ಯುದ್ಧದ ಕಾಲದಲ್ಲಿ ಬಂದೂಕು ಮುಟ್ಟಲ್ಲ ಅಂತ ಹೇಳಿ, ದಿನಕ್ಕೆ 50 ಸೆಂಟಿಗೆ ಕಾಡಿನ ಶಿಬಿರದಲ್ಲಿ ದುಡಿದವರು.

ಆಮೇಲೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಎಲ್ಲರ ಎಣಿಕೆ. ಎಳೆಯ ವಯಸ್ಸಿನಲ್ಲೇ ಹೋದ ಒಂದು ಕೂಸನ್ನೂ ಬಿಡಲಿಲ್ಲ. ಆ ಸಾಲು ಓದುವಾಗಲೂ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನನಗೇ ತಡೆದುಕೊಳ್ಳಲಿಕ್ಕೆ ಆಗಲಿಲ್ಲ.

ಊಟ ಚರ್ಚಿನ ಕೆಳಗಿನ ಹಾಲ್‌ನಲ್ಲಿ. ಒಂದರ ತಲೆ ಮೇಲೆ ಇನ್ನೊಂದು ಕೂತ ಬನ್ನು, ಚೀಸ್, ಸೌತೆ ಉಪ್ಪಿನಕಾಯಿ, ಕಾಫಿ. ಪಕ್ಕದಲ್ಲಿ ಕೂತ ಮುದುಕರು ಸಕ್ಕರೆ ಅಚ್ಚನ್ನು ಕಾಫಿಯಲ್ಲಿ ಅದ್ದಿ, ಅದು ಕಂದು ಬಣ್ಣಕ್ಕೆ ತಿರುಗಿದ ತಕ್ಷಣ ಬಾಯಿಗೆ ಹಾಕಿಕೊಂಡರು. ನಾನೂ ಹಾಗೇ ಮಾಡಿದೆ. ಬನ್ನು ಬೆಣ್ಣೆಯಂತೆ ಕರಗಿತು. ಕಾಫಿ ಮಾತ್ರ ಬರೀ ನೀರು, ಸುಮ್ನೆ ಹೊಗಳಲ್ಲ.

ಹಿರಿಮಗಳು ಬಂದು ಎದುರು ಕೂತರು. ಎಂಬತ್ತರ ಹತ್ತಿರ ಇರಬೇಕು. "ಇಂಡಿಯಾದಲ್ಲಿ ಎಲ್ಲಿಯವರು ನೀವು?" ಅಂದರು. ರಾಯಚೂರು ಅಂದರೆ ಇವರಿಗೇನು ಗೊತ್ತಾಗುತ್ತೆ ಅಂತ ಹೈದರಾಬಾದ್ ಹತ್ತಿರ ಅಂದೆ.

"ಮಹಬೂಬ್‌ನಗರ ಗೊತ್ತಾ ಹಾಗಾದರೆ? ಜಡ್ಚರ್ಲಾ?"

ಬನ್ನು ಕೈಯಲ್ಲೇ ಉಳಿಯಿತು. ರಾಯಚೂರಿನಿಂದ ಹೈದರಾಬಾದಿಗೆ ಬಸ್ಸು ಹೋಗುವುದೇ ಆ ಎರಡು ಊರಿನ ಮೇಲೆ! ಅವರ ಪಂಗಡದವರು ಅಲ್ಲಿ ಮಿಷನ್ ಇಟ್ಟುಕೊಂಡಿದ್ದರು, ಜಡ್ಚರ್ಲಾದಲ್ಲಿ ಆಸ್ಪತ್ರೆ ನಡೆಸಿದ್ದರು. ಓಮಾ ಮತ್ತು ಊರಿನ ಹೆಂಗಸರು ವಾರಕ್ಕೊಮ್ಮೆ ಸೇರಿ ಹಳೇ ಬೆಡ್‌ಶೀಟು ಹರಿದು, ಬ್ಯಾಂಡೇಜು ಸುತ್ತಿ ಅಲ್ಲಿಗೆ ಕಳಿಸುತ್ತಿದ್ದರಂತೆ. ಚಿಕ್ಕವರಿದ್ದಾಗ ಇವರೂ ಸುತ್ತಿದ್ದಾರೆ. ಸಡಿಲವಾದರೆ ಓಮಾ ಬಿಚ್ಚಿಸಿ ಮತ್ತೆ ಸುತ್ತಿಸುತ್ತಿದ್ದರು. ಕೈ ನಡುಗಲು ಶುರುವಾಗುವವರೆಗೂ ಎಂಸಿಸಿ ಅನ್ನೋ ತಮ್ಮ ಪರಿಹಾರ ಸಂಸ್ಥೆಗೆ ಕೌದಿ ಹೊಲಿದರು.

ಅಷ್ಟೊಂದು ಯಾಕೆ ಅಂತ ಕೇಳಿದೆ.

"1922ರಲ್ಲಿ ಮೊಲೊಚ್ನಾದಲ್ಲಿ ನಮ್ಮ ಅಮ್ಮನ ಅಮ್ಮ ಉಂಡಿದ್ದು ಎಂಸಿಸಿಯವರ ಗಂಜಿ ಕೇಂದ್ರದಲ್ಲಿ," ಅಂದರು. ಆಮೇಲೆ ನನ್ನ ಲೋಟಕ್ಕೆ ಕೇಳದೆಯೇ ಇನ್ನಷ್ಟು ಕಾಫಿ ಸುರಿದು, "ಅಲ್ಲಿ ಬಿಸಿಲು ನಿಜಕ್ಕೂ ಅಷ್ಟೊಂದಾ? ಮಿಷನ್ನಿನವರ ಕಾಗದದಲ್ಲಿ ಬರೀ ಅದೇ ದೂರು ಇರ್ತಿತ್ತು," ಅಂದರು.

ಮಹಬೂಬ್‌ನಗರದ್ದು ಏನೂ ಅಲ್ಲ, ಒಂದು ಸಲ ಮೇ ತಿಂಗಳಲ್ಲಿ ರಾಯಚೂರಿಗೆ ಬನ್ನಿ ಅಂದೆ.